ಬೋಣಿಗೆಗೆ ಮೊದಲು ಒತ್ತಿದ 'ಹೌದು'

ಅಕ್ಕಲಕೋಟೆಯ ನಮ್ಮ ಬಟ್ಟೆ ಅಂಗಡಿಯಲ್ಲಿ ಬೋಣಿಗೆಯಾಗುವವರೆಗೆ ಯಾರಿಗೂ 'ಇಲ್ಲ' ಅನ್ನುವಂತಿಲ್ಲ. ಅದು ಮಾವನವರ ಕಾಯಿದೆ. ದಿನದ ಮೊದಲ ಗಿರಾಕಿ ನಮ್ಮಲ್ಲಿಲ್ಲದ ಬಣ್ಣದ ಚಾದರ ಕೇಳಿದರೂ ತರಿಸಿಕೊಡುತ್ತೇನೆಂದು ಕೂರಿಸಿಕೊಳ್ಳುತ್ತಾರೆ. ಈ ಕಾಯಿದೆ ಕಂಪ್ಯೂಟರಿಗೂ ಅನ್ವಯಿಸುತ್ತದೆಂದು ನಾನು ಎಣಿಸಿರಲಿಲ್ಲ.

ಬೆಳಿಗ್ಗೆ ಬಂದ ಕೂಡಲೇ ಅವರು ಒಂದು ಪಂಚಾಂಗದ ವೆಬ್‌ಸೈಟ್ ತೆರೆದು ರಾಹುಕಾಲ ನೋಡುತ್ತಾರೆ. ಕಣ್ಣು ಮಂದ. ಒಂದು ದಿನ ಆ ಸೈಟೇ ಕೇಳಿತು: ನಿಮ್ಮ ಅನುಕೂಲಕ್ಕಾಗಿ ಬ್ರೌಸರಿನ ಸೆಟ್ಟಿಂಗ್ ಬದಲಿಸಲೇ? ನಾನು ಪಕ್ಕದಲ್ಲೇ ಇದ್ದೆ. ಇನ್ನೂ ಬೋಣಿಗೆಯಾಗಿರಲಿಲ್ಲ. ಮಾವ 'ಹೌದು' ಒತ್ತಿದರು. ಅಕ್ಷರಗಳೆಲ್ಲ ಜೋಳದ ರೊಟ್ಟಿಯಷ್ಟು ದೊಡ್ಡವಾದವು. ಅವರ ಮುಖ ಅರಳಿತು.

ನಮ್ಮವರಿಗೆ, ಅಂದರೆ ಮಾವನವರ ಮಗನಿಗೆ, ಮಾತ್ರ ಸಿಟ್ಟು ಬಂತು. "ಅವರ ಅಂಗಡಿಗಿ ನಾವ್ ಹೋದ್ರ, ಅವರು ನಮ್ಮ ಮನಿ ಬಾಗಲಾ ಯಾಕ ಬದಲಸ್ಬೇಕು?" ಅಂದರು. ವಯಸ್ಸಾದವರಿಗೆ ಸೆಟ್ಟಿಂಗ್ ಹುಡುಕಲು ಬರುವುದಿಲ್ಲ, ಸೈಟೇ ಮಾಡಿಕೊಟ್ಟರೆ ಉಪಕಾರ ಎಂದು ನಾನು ವಾದಿಸಿ ಗೆದ್ದೆ. ವಾದದಲ್ಲಿ ಗೆಲ್ಲುವ ಚಟ ನನಗೆ ಮೊದಲಿನಿಂದಲೂ ಇದೆ.

ಆಮೇಲೆ ಆ ಸೈಟು ದಿನಕ್ಕೊಂದು ಅನುಮತಿ ಕೇಳತೊಡಗಿತು, ಮಾವ 'ಹೌದು' ಒತ್ತುತ್ತಲೇ ಹೋದರು. ಕಂಪ್ಯೂಟರ್ ಹಚ್ಚಿದರೆ ಮೊದಲು ಪಂಚಾಂಗವೇ ಬರುವಂತಾಯಿತು. ಕೇಳದಿದ್ದರೂ ಪರದೆಯ ಮೂಲೆಯಲ್ಲಿ ಸೂಚನೆಗಳು ಮೇಲೇಳುತ್ತಿದ್ದವು. ನನಗೆ ಒಳಗೊಳಗೇ ಅಳುಕು. ಆದರೆ ನಮ್ಮವರ ಮುಂದೆ ಸೋಲೊಪ್ಪಿಕೊಳ್ಳುವುದು ಹೇಗೆ?

ಅಷ್ಟರಲ್ಲಿ ಅತ್ತೆಯವರ ಪಿತ್ತಕೋಶದಲ್ಲಿ ಕಲ್ಲುಗಳು ಕಂಡವು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಏನೇನು ಪಾಲಿಸಬೇಕೆಂದು ಆಸ್ಪತ್ರೆಯವರು ತಮ್ಮ ವೆಬ್‌ಸೈಟಿನಲ್ಲಿ ಓದಿಕೊಳ್ಳಲು ಹೇಳಿದರು. ಅಂಗಡಿಯಲ್ಲೇ ಕೂತು ಓದಿದೆ. ಉಪವಾಸ, ಒಡವೆ ತೆಗೆಯುವುದು, ಹಳೆಯ ರಿಪೋರ್ಟು, ಎಲ್ಲವೂ ದೊಡ್ಡಕ್ಷರದಲ್ಲಿ ಕಂಡವು. ಆ ದೊಡ್ಡಕ್ಷರದಿಂದಾಗಿ ಬಲಗಡೆಯ ಅರ್ಧ ಪುಟ ಪರದೆಯಾಚೆ ಸರಿದುಹೋಗಿದ್ದು ನನಗೆ ತಿಳಿಯಲಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ಐದು ದಿನ ಮೊದಲೇ ನಿಲ್ಲಿಸಬೇಕೆಂದು ಅಲ್ಲಿ ಬರೆದಿತ್ತು. ಹೃದಯಕ್ಕೆಂದು ಕೊಟ್ಟಿದ್ದ ಆ ಗುಳಿಗೆಯನ್ನು ದಿನವೂ ಅತ್ತೆಯ ಬಾಯಿಗೆ ಹಾಕುತ್ತಿದ್ದವಳು ನಾನು. ಆಪರೇಷನ್ನಿನ ದಿನ ಬೆಳಿಗ್ಗೆಯೂ ಹಾಕಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಗುಳಿಗೆಯ ವಿಷಯ ಕೇಳಿದ್ದೇ ತಡ, ಆಪರೇಷನ್ ನಿಲ್ಲಿಸಿ ಒಂದು ವಾರ ಬಿಟ್ಟು ಬನ್ನಿ ಅಂದರು. ನಮ್ಮವರು ತಮ್ಮ ಮೊಬೈಲಿನಲ್ಲಿ ಅದೇ ಪುಟ ತೆರೆದು ಬಲಗಡೆಯ ಸಾಲು ತೋರಿಸಿದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ದಿನವೇ ಅತ್ತೆಗೆ ಹೊಟ್ಟೆನೋವು ಏರಿತು, ಮೈ ಸುಡತೊಡಗಿತು. ಕಾರಿನಲ್ಲಿ ಮಲಗಿಸಿಕೊಂಡು ಸೊಲ್ಲಾಪುರಕ್ಕೆ ಹೊರಟೆವು. ದಾರಿಯಲ್ಲಿ ಕುಂಭಾರಿ ಊರು ದಾಟುವವರೆಗೂ ನರಳುತ್ತಿದ್ದರು. ಆಮೇಲೆ ದನಿ ನಿಂತಿತು.

ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯನ್ನು ನೋಡಿ ಹೊರಗೆ ಬಂದು ಪಿತ್ತಕೋಶ ಒಡೆದು ಹೊಟ್ಟೆಯೊಳಗೆ ನಂಜು ಹರಡಿದೆ ಎಂದರು. ಮೊದಲು ಗೊತ್ತಾದ ದಿನವೇ ಆಪರೇಷನ್ ಆಗಿದ್ದರೆ ಎಂದು ಶುರು ಮಾಡಿ, ಮಾತು ಮುಗಿಸದೆ ಒಳಗೆ ಹೋದರು. ಬೆಂಚಿನ ಮೇಲೆ ಮಾವನವರು ನನ್ನ ಕೈ ಹಿಡಿದುಕೊಂಡರು.

"ನಂದ ತಪ್ಪವ್ವಾ. ಹೌದು ಅಂದಾಂವ ನಾ," ಅಂದರು.

ಅವರು 'ಹೌದು' ಒತ್ತಿದ ದಿನ ಆ ಪ್ರಶ್ನೆಯ ಚೌಕದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು: ಬದಲಾವಣೆ ಎಲ್ಲ ಸೈಟುಗಳಿಗೂ ಅನ್ವಯಿಸುತ್ತದೆ, ಕೆಲವು ಪುಟಗಳು ಪೂರ್ತಿ ಕಾಣದಿರಬಹುದು. ಮಾವನವರ ಕಣ್ಣಿಗೆ ಅದು ಕಾಣುವಂತಿರಲಿಲ್ಲ. ನಾನು ಓದಿದ್ದೆ. ಇದನ್ನು ಆವತ್ತು ಆ ಬೆಂಚಿನ ಮೇಲೆ ಹೇಳಲಿಲ್ಲ, ಈವರೆಗೂ ಅವರಿಗೆ ಹೇಳಿಲ್ಲ.