ಮಗಳ ಪಾಠ, ನನ್ನ ಮೂಗು

ಬಟವಾಡಿಯ ಲ್ಯಾಬೊಂದರಲ್ಲಿ ರಿಪೋರ್ಟ್ ಕೊಡುವ ಕೆಲಸ ನನ್ನದು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಕೌಂಟರಿನಲ್ಲಿರುತ್ತೇನೆ. ಅವತ್ತು ಅಮೃತೂರು ಕಡೆಯ ರೈತನೊಬ್ಬ ತನ್ನ ಕೂಸಿನ ರಕ್ತದ ಗುಂಪಿನ ರಿಪೋರ್ಟನ್ನು ನನ್ನ ಮುಂದೆ ಹಿಡಿದ. ಹೆಂಡತಿ ಕೂಸನ್ನೆತ್ತಿಕೊಂಡು ಮುಖ ಬಿಗಿದು ಹಿಂದೆ ನಿಂತಿದ್ದಳು.

"ನಂದು ಎ, ಇವಳ್ದು ಬಿ. ಮಗೀಂದು ಓ ಅಂತೀರಲ್ಲ? ಮನೆದೇವ್ರು ಅಪ್ಪನ ಕಡೆಯಿಂದ ಬರೋ ಹಂಗೆ ರಕ್ತಾನೂ ಬರ್ಬೇಕಲ್ವಾ? ಇವಳನ್ನ ಹಿಂಗೇ ತವರಿಗೆ ಬುಟ್ಟು ಬತ್ತೀನಿ."

ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನು. ಆದರೂ ಉತ್ತರ ನನ್ನ ಜೇಬಿನಲ್ಲೇ ಇತ್ತು. ನನ್ನ ಐಡಿ ಕಾರ್ಡಿನಲ್ಲಿ ಎ. ದೇವರ ಪಟದ ಜೊತೆ ಪರ್ಸಿನಲ್ಲಿಟ್ಟುಕೊಂಡ ಮಗಳ ಹಳೇ ಕಾಲೇಜು ಕಾರ್ಡಿನಲ್ಲಿ ಓ. ಎರಡನ್ನೂ ತೋರಿಸಿ, "ನನ್ನ ಹೆಂಡ್ತೀದು ಬಿ ಕಣಪ್ಪ" ಎಂದೆ. ವಿಜ್ಞಾನ ಓದುವ ಮಗಳು ಹೇಳಿಕೊಟ್ಟಿದ್ದನ್ನೇ ಒಪ್ಪಿಸಿದೆ: "ಅಪ್ಪ ಅಮ್ಮ ಇಬ್ರಲ್ಲೂ ಓ ಅಡಗಿರಬಹುದು, ರಿಪೋರ್ಟಲ್ಲಿ ಕಾಣಲ್ಲ. ಎರಡೂ ಕಡೆಯಿಂದ ಅದೇ ಬಂದ್ರೆ ಮಗು ಓ. ಬೇಕಾದ್ರೆ ಡಾಕ್ಟ್ರನ್ನ ಕೇಳು."

ಒಳಗೆ ಹೋಗಿ ಕೇಳಿದ. ಡಾಕ್ಟರೂ ಅದನ್ನೇ ಹೇಳಿದರಂತೆ. ಹೊರಗೆ ಬಂದು ಕಾರ್ಡಿನಲ್ಲಿದ್ದ ಮಗಳ ಫೋಟೋವನ್ನೂ ನನ್ನ ಮುಖವನ್ನೂ ನೋಡಿ, "ಮೂಗು ನಿಮ್ದೇ ಬುಡಿ" ಎಂದು ಕೂಸಿಗೆ ಕೈ ಚಾಚಿದ.

"ಕತ್ತು ಸರಿಯಾಗಿ ಹಿಡ್ಕೊಳ್ಳಿ," ಎಂದಳು ಹೆಂಡತಿ. "ಅನುಮಾನ ಪಟ್ಟಷ್ಟು ಸಲೀಸಲ್ಲ ಮಗ ಎತ್ಕೊಳೋದು."

ಸಂಜೆ ಮಗಳಿಗೆ ನಡೆದದ್ದನ್ನೆಲ್ಲ ಹೇಳಿ, "ನಿನ್ನ ಪಾಠ ಒಂದು ಸಂಸಾರ ಉಳಿಸ್ತು ಕಣಮ್ಮ" ಎಂದೆ.

"ಪಾಠ ಸರಿ. ಆ ಹಳೇ ಫೋಟೋ ಯಾಕಪ್ಪ ತೋರ್ಸಿದ್ರಿ? ಅದ್ರಲ್ಲಿ ಬರೀ ಮೂಗೇ ಕಾಣುತ್ತೆ."

ನನ್ನ ಮೂಗಿನ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ತನ್ನ ಮೂಗು ನನ್ನದರಂತೆಯೇ ಇದೆ ಎಂದು ಅವಳು ಮಾತ್ರ ಇನ್ನೂ ಒಪ್ಪಿಲ್ಲ.