ಮಾಸ್ಟರ್ ಹೊಲಿದ ಕೋಟುಗಳು

ನಮ್ಮ ಬೀದಿಯಲ್ಲಿ ‘ಮಾಸ್ಟರ್ ಟೈಲರ್ಸ್’ ಎಂದು ಬೋರ್ಡು ಹಾಕಿದ ಅಂಗಡಿಯನ್ನು ನಡೆಸುತ್ತಿದ್ದವಳು ಮಾಸ್ಟರ್ ತಂಗಿ. ಎರಡು ಮಿಷನ್ನೂ ಅವಳವೇ, ಬಾಡಿಗೆ ಕಟ್ಟುತ್ತಿದ್ದವಳೂ ಅವಳೇ. ಗಿರಾಕಿಗಳ ಪಾಲಿಗೆ ಮಾತ್ರ ಅದು ಅವಳ ಅಣ್ಣನ ಅಂಗಡಿ. ಗಂಡಸರ ಕೋಟಿಗೆ ಹೆಂಗಸು ಕತ್ತರಿ ಹಾಕುತ್ತಾಳೆಂದರೆ ಯಾರು ಬರುತ್ತಾರೆ? ಪಕ್ಕದಲ್ಲೇ ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವ ನನಗೆ ಒಳಗಿನದೆಲ್ಲ ಗೊತ್ತಿತ್ತು.

ಅಣ್ಣನ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಅದನ್ನು ಒಪ್ಪಿಕೊಳ್ಳುವ ಆಸಾಮಿಯಲ್ಲ ಅವನು. ಟೇಪು ಕೊರಳಿಗೆ ಹಾಕಿಕೊಂಡು ಬಟ್ಟೆಯ ಮೇಲೆ ಸೀಮೆಸುಣ್ಣದ ಗೀಟು ಎಳೆಯುತ್ತಿದ್ದ. ಆ ಗೀಟು ನಂಬಿ ಕತ್ತರಿಸಿದರೆ ಒಂದು ತೋಳು ಮೊಣಕೈಗೆ, ಇನ್ನೊಂದು ಮೊಣಕಾಲಿಗೆ! ಅವನು ಊಟಕ್ಕೆ ಎದ್ದ ಕೂಡಲೇ ತಂಗಿ ಅದನ್ನು ಕೊಡವಿ, ಕಣ್ಣಳತೆಯಲ್ಲೇ ಬೇರೆ ಗೀಟು ಹಾಕಿ ಕತ್ತರಿಸುತ್ತಿದ್ದಳು. ತನ್ನ ಗೀಟಿನ ಮೇಲೇ ಕತ್ತರಿ ಆಡಿಸಿದ್ದಾಳೆಂದು ಅಣ್ಣ ನಂಬಿದ್ದ. ಗಿರಾಕಿ ಕೋಟು ತೊಟ್ಟು “ಮಾಸ್ಟರ್ ಕೈ ಅಂದ್ರೆ ಕೈ” ಎಂದಾಗ ಅಣ್ಣ ಮೀಸೆ ತಿರುವುತ್ತಿದ್ದ. ಮಾಡುವವರು ಒಬ್ಬರು, ಮೆರೆಯುವವರು ಇನ್ನೊಬ್ಬರು. ನನಗೆ ಮೈ ಉರಿಯುತ್ತಿತ್ತು.

“ಅವನಿಗೆ ಹೇಳ್ಬಿಡಮ್ಮ” ಅಂದರೆ, “ಅವನ ಹತ್ರ ಉಳಿದಿರೋದು ಅದೊಂದೇ, ಮಾಮ” ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅಣ್ಣನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅಂಗಡಿಯಲ್ಲೇ, ಪರದೆಯ ಆಚೆ ಮಂಚ ಹಾಕಿ ಮಲಗಿಸಿದಳು. ಸುದ್ದಿ ಹಬ್ಬಿದ್ದೇ ತಡ, ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಬಟ್ಟೆ ವಾಪಸ್ ಒಯ್ದರು. ಉಳಿದದ್ದು ಮದುವೆಗಳಲ್ಲಿ ಬಾರಿಸುವ ಬ್ಯಾಂಡಿನವರ ಬಟ್ಟೆ ಮಾತ್ರ. ಇಡೀ ಬ್ಯಾಂಡಿಗೆ ಕೋಟು ಹೊಲಿಯುವ ಆ ಕೆಲಸ ಕೈಯಲ್ಲಿದ್ದರೆ ಅಂಗಡಿ ಹೇಗೋ ಉಳಿಯುತ್ತಿತ್ತು.

ನಾನು ಅವಳ ಅಂಗಡಿಯಲ್ಲಿದ್ದಾಗಲೇ ಬ್ಯಾಂಡಿನ ಯಜಮಾನನೂ ಬಂದ. “ಏನ್ ಮಾಡೋದಮ್ಮ, ಮಾಸ್ಟರ್ ಕೈಯೇ ಹೋದಮೇಲೆ ಕತ್ತರಿಸೋರು ಯಾರು? ಬಟ್ಟೆ ಕೊಟ್ಬಿಡು.”

ನನಗೆ ತಡೆಯಲಾಗಲಿಲ್ಲ. “ಯಜಮಾನ್ರೇ, ಇಷ್ಟು ವರ್ಷ ನೀವು ಹಾಕ್ಕೊಂಡ ಕೋಟೆಲ್ಲ...”

ತಂಗಿ ಥಟ್ಟನೆ ನನ್ನ ತೋಳು ಹಿಡಿದಳು. ಪರದೆಯ ಕಡೆ ಕಣ್ಣು ತೋರಿಸಿ, ಬೇಡವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಅಲ್ಲಿಂದ ಅಣ್ಣನ ತೊದಲು ದನಿ ಬಂತು.

“ಕೊಟ್ಬಿಡೇ. ನಿನ್ ಕೈಲಿ ಆಗಲ್ಲ, ಒಳ್ಳೇ ಬಟ್ಟೆ ಕೆಡಿಸ್ಬೇಡ. ನನ್ ಕೈ ಸರಿಹೋಗ್ಲಿ, ನಿನಗೂ ಗೀಟು ಹಾಕೋದು ಕಲಿಸ್ತೀನಿ.”

“ಆಯ್ತಣ್ಣ” ಎಂದು ಅವಳು ಬಟ್ಟೆಯನ್ನು ಮಡಿಸಿ ಯಜಮಾನನ ಕೈಗಿಟ್ಟಳು. ಅಲ್ಲಿಗೆ ಅಂಗಡಿ ಮುಚ್ಚಿದಂತೆಯೇ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಮುಖ ತಿರುಗಿಸಿಕೊಂಡು ಅತ್ತುಬಿಟ್ಟೆ. ಅವಳು ಪರದೆ ಸರಿಸಿ ಒಳಗೆ ಹೋಗಿ, ಅಣ್ಣನ ತಲೆ ಎತ್ತಿ ಹಿಡಿದು ನೀರು ಕುಡಿಸಿದಳು.

“ಯಾವಾಗ ಕಲಿಸ್ತೀಯಣ್ಣ?” ಎಂದು ಕೇಳಿದಳು.