ಅಕ್ಕ ಚೆನ್ನಾಗಿದ್ದಾಳೆ ಎಂದು ಬರೆಸಿದೆ

ಮೊನ್ನೆ ಪಕ್ಕದ ಮನೆಯವರು ಹೊಸ ಬೆಳೆಗೆ ಮುಂಚೆ ರೇಷ್ಮೆ ಸಾಕುವ ಹುಳುಮನೆ ತೊಳೆದು, ಬ್ಲೀಚಿಂಗ್ ಪುಡಿ ಕಲಸಿದ ನೀರು ಹೊಡೆಸಿದ್ದರು. ಆ ಘಾಟು ಗೋಡೆ ದಾಟಿ ನಮ್ಮ ಮನೆಗೂ ಬಂತು. ಹೆಂಡತಿ ಕಿಟಕಿ ಮುಚ್ಚಿದಳು. ನಾನು ಹೋಗಿ ತೆಗೆದೆ. ಅಕ್ಕನ ಸೀರೆಗೆ ವರ್ಷಕ್ಕೆ ಐದಾರು ಸಲ ಅಂಟುತ್ತಿದ್ದ ವಾಸನೆ ಅದು.

ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅಕ್ಕ ನಮ್ಮೂರಿಗೆ ವಾಪಸ್ ಬಂದಿದ್ದಳು. ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆಗೆ ಹೋಗುವ ದಾರಿಯಲ್ಲಿದೆ ನಮ್ಮೂರು. ನಾನಾಗ ಐದನೇ ಕ್ಲಾಸು. ಓದು ಅಲ್ಲಿಗೇ ಬಿಟ್ಟು ಅವಳ ಹಿಂದೆ ಹಿಪ್ಪುನೇರಳೆ ಸೊಪ್ಪು ಹೊರಲು ಹೋದೆ. ರೇಷ್ಮೆ ಹುಳ ಸಾಕುವುದನ್ನು ನನಗೂ, ಆಮೇಲೆ ನನ್ನ ಹೆಂಡತಿಗೂ ಕಲಿಸಿದವಳು ಅವಳೇ. ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು. ನಾನು ಹುಳದ ತಟ್ಟೆ ಅಲುಗಿಸಿದರೂ ಅಕ್ಕ ಸುಮ್ಮನೆ ಬಿಡುತ್ತಿರಲಿಲ್ಲ. "ನಿಂಗೆ ಜ್ವರ ಬಂದಾಗ ಬಾಯಿಗೆ ಮುದ್ದೆ ತುರುಕ್ಲೇನ್ಲಾ?" ಅನ್ನುತ್ತಿದ್ದಳು.

ಅಂಥವಳು ಒಂದು ಬೆಳೆಯಲ್ಲಿ, ನಾಲ್ಕನೇ ಜ್ವರಕ್ಕೆ ಕೂತ ಹುಳದ ಮೇಲೆ ಹೊರೆಗಟ್ಟಲೆ ಸೊಪ್ಪು ಸುರಿದಳು. ನಾವು ತೋಟದಿಂದ ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರ್ಧಕ್ಕರ್ಧ ಹುಳ ಹೋಯಿತು. ಯಾಕೆ ಹೀಗೆ ಮಾಡಿದೆ ಅಂದರೆ, "ಹಸ್ದಿದ್ವು ಕಣೋ," ಅಂದಳು. ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯಿಂದ ಅವಳ ಮುಂಗೈ ಮೇಲೆ ಹೊಡೆದೆ. ಬರೆ ಎದ್ದಿತು. ಹುಳುಮನೆಗೆ ಬೀಗ ಹಾಕಿ ಬೀಗದ ಕೈ ಹೆಂಡತಿಗೆ ಕೊಟ್ಟೆ. ಅವತ್ತಿನಿಂದ ಅಕ್ಕ ಆ ಬಾಗಿಲ ಮುಂದೆಯೇ ಕೂತಿರುತ್ತಿದ್ದಳು...

ಬೀದಿಯವರಿಗೆ ನಾನೇ ಹೇಳಿಕೊಂಡು ಬಂದೆ. ನನ್ನ ಹೆಂಡತಿಯ ಕೈ ಮೇಲಾಯಿತಲ್ಲ, ಅದನ್ನು ಸಹಿಸದೆ ಬೇಕೆಂದೇ ಬೆಳೆ ಕೆಡಿಸಿದಳು ಅಂದೆ. ಎಲ್ಲರೂ ಹೌದು ಹೌದು ಅಂದರು. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದುದು, ಅಂಗಡಿಗೆ ಹೋದವಳು ದಾರಿ ತಿಳಿಯದೆ ಹುಣಸೆಮರದ ಹತ್ತಿರ ನಿಂತಿರುತ್ತಿದ್ದುದು, ನನ್ನ ಹೆಂಡತಿಯನ್ನು ಸತ್ತ ನಮ್ಮಮ್ಮನ ಹೆಸರಿಂದ ಕರೆಯುತ್ತಿದ್ದುದು, ಯಾವುದೂ ನಾನು ನೋಡದ್ದಲ್ಲ. ನೋಡಿಯೂ ಹಠ ಅಂದೆ, ನಾಟಕ ಅಂದೆ.

ಅದಾಗಿ ಏಳೆಂಟು ತಿಂಗಳಿಗೆ ಇಬ್ಬರು ಹೆಂಗಸರು ಮನೆಗೆ ಬಂದರು. ಒಬ್ಬಳು ನಮ್ಮೂರಿನ ಆಶಾ ಕಾರ್ಯಕರ್ತೆ, ದೂರದ ಸಂಬಂಧದಲ್ಲಿ ನನಗೆ ಸೊಸೆಯಾಗಬೇಕು. ಇನ್ನೊಬ್ಬಳು ಟ್ಯಾಬ್ ಹಿಡಿದಿದ್ದ ಹುಡುಗಿ, ಮಾಲೂರು ತಾಲ್ಲೂಕಿನ ಮಾಸ್ತಿ ಕಡೆಯವಳು.

"ಅಂಕಲ್, ವಯಸ್ಸಾದೋರಲ್ಲಿ ಎಷ್ಟು ಜನಕ್ಕೆ ಮರೆವಿನ ಕಾಯಿಲೆ ಇದೆ ಅಂತ ನೋಡ್ತಿದೀವಿ," ಅಂದಳು ಹುಡುಗಿ. "ಕೋಲಾರ, ಮಾಲೂರು, ಮುಳಬಾಗಿಲು, ಎಲ್ಲಾ ಕಡೆ ಹೋಗ್ತಿದೀವಿ. ಎಷ್ಟು ಜನ ಅಂತ ಗೊತ್ತಾದ್ರೆ ತಾನೇ ಡಾಕ್ಟ್ರು ಈ ಕಡೆ ಬರೋದು?"

ಕಾಯಿಲೆ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಅರ್ಥವಾಯಿತು. ಗೊತ್ತಾಗಲಿಲ್ಲ ಅಂತ ಈಗ ಬರೆದರೆ ಸುಳ್ಳಾಗುತ್ತದೆ. ಅದು ಕಾಯಿಲೆಯಾದರೆ ಅಕ್ಕ ಬೇಕೆಂದು ಮಾಡಿದ್ದಲ್ಲ. ಬೇಕೆಂದು ಮಾಡಿದ್ದಲ್ಲವಾದರೆ, ನಾನು ಹೊಡೆದದ್ದು, ಊರೆಲ್ಲ ಹೇಳಿಕೊಂಡು ಬಂದದ್ದು... ನನಗೆ ಅವಳು ಕೆಟ್ಟವಳಾಗಿಯೇ ಇರಬೇಕಿತ್ತು. ಕಾಯಿಲೆಯವಳಾಗುವುದು ಬೇಕಿರಲಿಲ್ಲ.

"ನಮ್ಮಕ್ಕಂಗೆ ಕನ್ನಡ ಸರ್ಯಾಗಿ ಬರಲ್ಲಮ್ಮ, ನಾನು ತೆಲುಗಲ್ಲಿ ಕೇಳಿ ಹೇಳ್ತೀನಿ," ಅಂದೆ. ಶುದ್ಧ ಸುಳ್ಳು. ಈ ಕಡೆಯ ಎಲ್ಲರ ಹಾಗೆ ಅಕ್ಕನಿಗೂ ಎರಡೂ ಬರುತ್ತಿತ್ತು. ಹುಡುಗಿಗೆ ತೆಲುಗು ಬರುತ್ತಿರಲಿಲ್ಲ. ಪಾಪ, "ನಾಳೆ ತೆಲುಗು ಬರೋ ನಮ್ ಟೀಮಿನೋರ್ನ ಕರ್ಕೊಂಡ್ ಬರ್ಲಾ ಅಂಕಲ್?" ಅಂತಲೂ ಕೇಳಿದಳು. "ಅಯ್ಯೋ, ನಾನಿಲ್ವೇನಮ್ಮ," ಅಂದೆ.

ಇದು ಬೆಳಿಗ್ಗೆಯೋ ಸಾಯಂಕಾಲವೋ ಅಂತ ಅವಳು ಕೇಳಿದಳು. ಬೆಳಿಗ್ಗೆ ತಾನೇ, ಹೇಳು ಅಂತ ನಾನು ತೆಲುಗಿನಲ್ಲಿ ಅಂದೆ. ಅಕ್ಕ ಬೆಳಿಗ್ಗೆ ಅಂದಳು. ಎಲೆ, ಬಾಗಿಲು, ಬೆಕ್ಕು, ಈ ಮೂರನ್ನೂ ನೆನಪಿಟ್ಟುಕೊಂಡು ಆಮೇಲೆ ಹೇಳಬೇಕು ಅಂದಳು ಹುಡುಗಿ. ಆಮೇಲೆ ಕೇಳಿದಾಗ ಅಕ್ಕ ನನ್ನ ಮುಖ ನೋಡಿದಳು. ಮೂರನ್ನೂ ತೆಲುಗಿನಲ್ಲಿ ನಾನೇ ಅಂದೆ. ಗಿಳಿಯ ಹಾಗೆ ಒಪ್ಪಿಸಿದಳು. ಮನೆಗೆಲಸ ಮಾಡಿಕೊಳ್ಳುತ್ತಾರಾ ಅಂದಾಗ, "ಈ ವಯಸ್ಸಲ್ಲಿ ಅವಳ ಕೈಲಿ ನಾವ್ಯಾಕಮ್ಮ ಮಾಡಿಸ್ತೀವಿ?" ಅಂದೆ. ಹುಳುಮನೆಗೆ ಬೀಗ ಹಾಕಿದವನ ಬಾಯಿಂದ ಬಂದ ಮಾತು ಅದು.

ಒಂದೇ ಒಂದು ಸಲ ಸಿಕ್ಕಿಬೀಳುತ್ತಿದ್ದೆ. ಅಕ್ಕ ಆ ಹುಡುಗಿಯನ್ನು "ಊಟ ಮಾಡಿದ್ಯಾ ತಲ್ಲಿ?" ಅಂತ ಕೇಳಿದಳು. ಆಯ್ತು ಅಜ್ಜಿ ಅಂದಳು. ಅಕ್ಕ ಮತ್ತೆ ಕೇಳಿದಳು. ಮೂರನೇ ಸಲ ಅದನ್ನೇ ಕೇಳಿದಾಗ ಹುಡುಗಿಯ ಬೆರಳು ಟ್ಯಾಬಿನ ಮೇಲೆ ನಿಂತಿತು. ತಲೆ ಎತ್ತಿ ನೋಡಿದಳು. ನಾನು ನಕ್ಕೆ. "ನಮ್ಮ ಕಡೆ ಹಂಗೇ ಕಣಮ್ಮ, ಉಣ್ಣೋವರ್ಗೂ ಬಿಡಲ್ಲ." ಅವಳೂ ನಕ್ಕಳು. "ಅಜ್ಜಿ ಚೆನ್ನಾಗೇ ಇದಾರೆ," ಅಂತ ಏನೋ ಒತ್ತಿದಳು. ಆಶಾ ಕಾರ್ಯಕರ್ತೆ ನೆಲ ನೋಡುತ್ತಾ ಕೂತಿದ್ದಳು. ನಾನು ತೆಲುಗಿನಲ್ಲಿ ಹೇಳಿಕೊಟ್ಟ ಪ್ರತಿಯೊಂದು ಮಾತೂ ಅವಳಿಗೆ ತಿಳಿದಿತ್ತು.

ಎದುರುಮನೆಯ ಸೊಸೆ ಮಾತ್ರ ತನ್ನ ಮಾವನ ವಿಷಯ ಇದ್ದದ್ದು ಇದ್ದ ಹಾಗೆ ಬರೆಸಿದಳು. ಮಾವನಿಗೆ ಹುಚ್ಚು ಅಂತ ಬರೆಸಿದಳು ಎಂದು ಬೀದಿಯೆಲ್ಲ ಆಡಿಕೊಂಡೆವು. ಎಲ್ಲರಿಗಿಂತ ಜೋರಾಗಿ ನಾನು. ಆಮೇಲೆ ಅವರ ಮನೆಗೆ ಡಾಕ್ಟರು ಬಂದರು. ಮುದುಕನ ಜೊತೆ ಹೇಗೆ ಮಾತಾಡಬೇಕು, ಊಟ ಹೇಗೆ ಮಾಡಿಸಬೇಕು ಎಂದು ಮನೆಯವರನ್ನೆಲ್ಲ ಕೂರಿಸಿ ಹೇಳಿಕೊಟ್ಟರು. ಕಾಯಿಲೆ ಹೋಗಲಿಲ್ಲ. ಮುದುಕ ಈಗಲೂ ಮಗನನ್ನು ಯಾರಪ್ಪಾ ನೀನು ಅನ್ನುತ್ತಾನೆ. ಆದರೆ ಆ ಮನೆಯಲ್ಲಿ ಅವನ ಮೇಲೆ ಯಾರೂ ಕೈ ಎತ್ತುವುದಿಲ್ಲ.

ನಮ್ಮ ಮನೆಯಲ್ಲಿ ಅಕ್ಕ ಕೊನೆಗೆ ತುತ್ತು ನುಂಗುವುದನ್ನೇ ಮರೆತಳು. ಅದಕ್ಕೂ ಹಠ ಅಂದೆ. ಬಾಯಿ ಹಿಡಿದು ತುರುಕಿದೆ. ಅನ್ನ ಗಂಟಲಿಗೆ ಅಡ್ಡಬಂದು, ಎದೆಗೆ ಕಫ ಕಟ್ಟಿ, ಕೋಲಾರದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಎಷ್ಟು ವರ್ಷದಿಂದ ಮರೆವು ಅಂತ ಡಾಕ್ಟರಮ್ಮ ಕೇಳಿದರು. "ಮರೆವೇನೂ ಇರ್ಲಿಲ್ಲ ಮೇಡಂ," ಅಂದೆ. ಅಲ್ಲಿಯೂ ಅದನ್ನೇ ಅಂದೆ. ಮೂರನೇ ದಿನ ಅಕ್ಕ ಹೋದಳು.

ತಿಥಿ ಊಟಕ್ಕೆ ಬಂದವರು, "ಪುಣ್ಯವಂತೆ, ಮರೆವು ಗಿರೆವು ಏನೂ ಇಲ್ದೆ ಹೋದ್ಲು," ಅಂದರು. ಎಲೆಯನ್ನು ಮುಖಕ್ಕೆ ಎಸೆಯಬೇಕು ಅನ್ನಿಸಿತು. ಯಾರ ಮುಖಕ್ಕೆ? ಅವರ ಬಾಯಿಗೆ ಆ ಮಾತು ಕೊಟ್ಟವನು ನಾನೇ. ಬಡಿಸುತ್ತಾ ಹೋದೆ.

ಮೊನ್ನೆ ಆ ಘಾಟು ಬಂದ ದಿನ ಮನೆಯಲ್ಲಿ ಇರಲಾಗದೆ ಆಶಾ ಕಾರ್ಯಕರ್ತೆಯ ಮನೆಗೆ ಹೋದೆ. ಜಗಳಕ್ಕೆಂದೇ ಹೋದೆ. "ಅವತ್ತು ನಿಂಗೆಲ್ಲ ಗೊತ್ತಿತ್ತಲ್ಲ, ಯಾಕಮ್ಮ ಬಾಯಿ ಬಿಡ್ಲಿಲ್ಲ?" ಅಂದೆ.

"ನಿಮ್ಮನೇಲಿ ಕೂತು ನಿಮ್ಮನ್ನ ಸುಳ್ಳ ಅನ್ಲಾ ಮಾಮಾ?" ಅಂದಳು. ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನೀವೊಬ್ರೇನಾ? ಇನ್ನೂ ಎಷ್ಟು ಮನೇಲಿ ಹಿಂದ್ಗಡೆ ನಿಂತು ಹೇಳ್ಕೊಟ್ರು ಅಂತ ನಂಗ್ ಗೊತ್ತು. ನಮ್ಮೂರಲ್ಲಿ ಮರೆವಿನೋರು ಇಲ್ವೇ ಇಲ್ಲ ಅನ್ನೋ ಹಂಗೆ ಬರ್ಕೊಂಡ್ ಹೋಗವ್ರೆ."

ನನ್ನ ಕೋಪ ನಿಂತಲ್ಲೇ ಇಳಿಯಿತು. ಇಳಿದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ನಮ್ಮ ಅಕ್ಕನನ್ನು ಈಗಲಾದರೂ ಸೇರಿಸಲು ಆಗುತ್ತದಾ ಅಂತ ಕೇಳಿದೆ.

"ಅದು ಬದುಕಿರೋರ ಲೆಕ್ಕ ಮಾಮಾ."

ಬದುಕಿದ್ದಾಗ ಆ ಲೆಕ್ಕದವರು ಬಾಗಿಲಿಗೇ ಬಂದಿದ್ದರು. ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟು, ಅಕ್ಕನನ್ನು ಬಿಟ್ಟು ಬರೆಸಿ ಕಳಿಸಿದೆ.